ಷರಾ ಕಾಲಮ್ಮಿನಲ್ಲಿ ನಾಲ್ಕು ಹಕ್ಕಿ

ನಾನು ಈವರೆಗೂ ಸಮುದ್ರ ನೋಡಿಲ್ಲ. ಲಿಂಗಸುಗೂರಿನಲ್ಲಿ ಹುಟ್ಟಿ, ಸಿಂಧನೂರಿನಲ್ಲಿ ನೌಕರಿ ಮಾಡಿ, ನಡುವೆ ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಅರ್ಧ ಆಯುಷ್ಯ ಕಳೆದವನಿಗೆ ಸಮುದ್ರ ಎಲ್ಲಿಂದ ಸಿಗಬೇಕು ಹೇಳಿ. ಇಂಥ ನಾನು, ಸಮುದ್ರದ ಕಡೆಯ ಹಕ್ಕಿಯೊಂದರ ವಿಷಯದಲ್ಲಿ ದೊಡ್ಡ ಪಂಡಿತನಂತೆ ತೀರ್ಪು ಕೊಟ್ಟು, ಹಿರಿಯರೊಬ್ಬರನ್ನು ಅವರ ಹೆಂಡತಿಯ ಎದುರಿಗೇ ಸುಳ್ಳುಗಾರರನ್ನಾಗಿ ಮಾಡಿಬಿಟ್ಟೆ. ಅದನ್ನು ಸರಿಪಡಿಸಲು ನಾನು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಾನು ನೀರಾವರಿ ಇಲಾಖೆಯಲ್ಲಿ ಗೇಜ್ ರೀಡರ್. ದೊಡ್ಡ ಕಾಲುವೆಯಿಂದ ಗೊರೇಬಾಳದ ಕಡೆಗೆ ನೀರು ಒಡೆಯುವ ಗೇಟಿನ ಹತ್ತಿರ, ಅಡಿ-ಇಂಚಿನ ಗೆರೆ ಹೊಡೆದ ಒಂದು ಹಲಗೆಯನ್ನು ನೀರಿನಲ್ಲಿ ನಿಲ್ಲಿಸಿದ್ದರು. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಅದರ ಮುಂದೆ ನಿಂತು ನೀರು ಎಷ್ಟಿದೆ ಎಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಇಷ್ಟೇ ನೌಕರಿ. ಬೇರೆ ಗೇಟುಗಳಲ್ಲಿ ಕೆಲವರು ಹಾಸಿಗೆಯಲ್ಲೇ ಕೂತು ನಿನ್ನೆಯ ಅಂಕಿಯನ್ನು ಇವತ್ತಿಗೆ ಬರೆಯುತ್ತಿದ್ದರು. "ನೀರೇನು ಬಂದು ಸಾಕ್ಷಿ ಹೇಳ್ತೈತೇನೋ" ಎಂದು ನನ್ನನ್ನು ನೋಡಿ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಹನ್ನೊಂದು ವರ್ಷ, ಜ್ವರ ಬಂದ ದಿನವೂ, ಆರು ಎಂದರೆ ಆರಕ್ಕೇ ಹಲಗೆಯ ಮುಂದೆ ನಿಂತವನು ನಾನು. ಈ ಸೊಕ್ಕು ನನಗಿತ್ತು, ಮುಚ್ಚಿಡುವುದೇಕೆ.

ಆ ರಿಜಿಸ್ಟರಿನ ಕೊನೆಯ ಕಾಲಮ್ಮು ಷರಾ. ಏನಾದರೂ ವಿಶೇಷವಿದ್ದರೆ ಬರೆಯುವ ಜಾಗ. ಕಾಲುವೆಯಲ್ಲಿ ವಿಶೇಷ ಏನಿರುತ್ತದೆ? ಎಮ್ಮೆ ಬಿದ್ದಿತ್ತು ಎಂದು ಯಾವಾಗಲೋ ಒಮ್ಮೆ ಬರೆದಿದ್ದೆ. ಆಮೇಲೆ ಅಲ್ಲಿ ಹಕ್ಕಿಗಳು ಬಂದು ಕೂತವು.

ಆ ಹುಚ್ಚು ಹಚ್ಚಿದವರು ನಮ್ಮ ಇಂಜಿನಿಯರ್ ಸಾಹೇಬರು. ಅವರಿಗೆ ವರ್ಗವಾದಾಗ, ಬಣ್ಣದ ಚಿತ್ರಗಳಿದ್ದ ಒಂದು ಹಕ್ಕಿ ಪುಸ್ತಕವನ್ನೂ ಒಂದು ದುರ್ಬೀನನ್ನೂ ನನ್ನ ಕೈಗೆ ಕೊಟ್ಟು ಹೋದರು. ದುರ್ಬೀನಿನ ಎಡಗಣ್ಣಿನಲ್ಲಿ ಬೂಸಲು ಹಿಡಿದಿತ್ತು. ಹಾಗಾಗಿ ನಾನು ಎಡಗಣ್ಣು ಮುಚ್ಚಿಕೊಂಡೇ ಹಕ್ಕಿ ನೋಡುವುದನ್ನು ಕಲಿತೆ. ನಮ್ಮ ಮನೆತನದಲ್ಲಿ ಹಕ್ಕಿಗೂ ನಮಗೂ ಇದ್ದ ಸಂಬಂಧ ಬೇರೆ. ಜೋಳ ಹಾಲುಗಾಳಿಗೆ ಬಂದಾಗ ಹೊಲದ ಅಟ್ಟದ ಮೇಲೆ ನಿಂತು ಕವಣಿ ಬೀಸಿ ಹಕ್ಕಿ ಓಡಿಸುವುದು. ನನ್ನ ಹೆಂಡತಿ ಗುರುಗುಂಟಾದವಳು, ಕವಣಿ ಬೀಸುವುದರಲ್ಲಿ ಊರಿಗೇ ಹೆಸರಾದವಳು. ನಾನು ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಟರೆ ಬಾಗಿಲಲ್ಲೇ ನಿಂತು ಶುರು ಮಾಡುತ್ತಿದ್ದಳು.

"ಅಲ್ರಿ, ನಮ್ಮೂರಾಗ ಹಕ್ಕಿ ಹೊಡ್ಯಾಕ ಹೋಗ್ತಾರ. ನೋಡಾಕ ಹೋಗೋರ್ನ ನಿಮ್ಮೊಬ್ರನ್ನ ಕಂಡೀನಿ. ಅವೇನು ನಿಮ್ಮ ಬೀಗರೇನು?"

ಕಾಲುವೆ ಬರುವ ಮೊದಲು ನಮ್ಮ ಸೀಮೆಯ ಹಳ್ಳಗಳು ಮಾಗಿ ಚಳಿಯ ಹೊತ್ತಿಗೇ ಒಣಗಿ ಬಿರುಕು ಬಿಡುತ್ತಿದ್ದವು. ಕಾಲುವೆ ಬಂದು ಭತ್ತ ಬಂದ ಮೇಲೆ ಗದ್ದೆಗಳ ಬಸಿನೀರು ಹಳ್ಳಕ್ಕಿಳಿದು ವರ್ಷವಿಡೀ ಹರಿಯತೊಡಗಿತು. ನೀರಿನ ಬೆನ್ನು ಹತ್ತಿ ಎಲ್ಲೆಲ್ಲಿಯವೋ ಹಕ್ಕಿಗಳು ಬಂದವು. ಉದ್ದ ಕಾಲಿನವು, ಸೊಟ್ಟ ಕೊಕ್ಕಿನವು, ಕೆಸರಿನಲ್ಲಿ ಹೊಲಿಗೆ ಯಂತ್ರದ ಹಾಗೆ ಕುಟ್ಟುತ್ತ ಹೋಗುವ ಸಣ್ಣ ಉಲ್ಲಂಕಿಗಳು. ಪುಸ್ತಕ ತೆರೆದರೆ ಅರ್ಧದಷ್ಟು ಹಕ್ಕಿಗಳ ಪಕ್ಕ 'ಕಡಲ ತೀರ, ನದೀಮುಖ' ಎಂಬ ಅರ್ಥ ಬರುವ ಮಾತು. ಕಡಲನ್ನೇ ಕಾಣದ ನಾನು ಕಡಲ ತೀರದ ಹಕ್ಕಿಗಳನ್ನು ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ಒಂದೊಂದಾಗಿ ಗುರುತು ಹಚ್ಚಿದೆ. ಹೆಸರು ಸಿಕ್ಕಿದ ದಿನ ಊಟ ರುಚಿಸುತ್ತಿತ್ತು. ಸಿಗದ ದಿನ ಮನೆಯವರ ಮೇಲೆ ರೇಗುತ್ತಿದ್ದೆ. ಗುರುತು ಸಿಕ್ಕಿದ್ದನ್ನೆಲ್ಲ ಷರಾದಲ್ಲಿ ಬರೆಯುತ್ತಿದ್ದೆ. ಹೊಸ ಸಾಹೇಬರು ಒಮ್ಮೆ ರಿಜಿಸ್ಟರ್ ತಿರುವಿ ಹಾಕಿ, "ಏನ್ರಿ ಇದು, ಕಾಲುವೆ ರಿಜಿಸ್ಟರೋ, ಕೋಳಿ ಫಾರ್ಮಿಂದೋ?" ಎಂದರು. ಅಂಕಿ ಸರಿಯಿದ್ದುದರಿಂದ ಅಷ್ಟಕ್ಕೇ ಬಿಟ್ಟರು.

ಆ ರಿಜಿಸ್ಟರಿಗೆ ಒಂದು ಕಟ್ಟುನಿಟ್ಟಿತ್ತು. ಬರೆದದ್ದನ್ನು ಅಳಿಸುವ ಹಾಗಿಲ್ಲ, ಮೇಲೆ ತಿದ್ದುವ ಹಾಗಿಲ್ಲ. ತಪ್ಪಾದರೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ ಎಳೆದು ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಗೆರೆಯ ಕೆಳಗಿನ ತಪ್ಪು ಎಲ್ಲರಿಗೂ ಕಾಣುತ್ತಲೇ ಇರಬೇಕು.

ಇನ್ನು ಕಾಕಾನ ವಿಷಯ. ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹಿರಿಯರು, ಆಗಲೇ ಅರವತ್ತು ದಾಟಿದ್ದರು. ಅವರ ಊರು ನದಿಯೂ ಸಮುದ್ರವೂ ಒಂದರೊಳಗೊಂದು ಬರುವಂಥ ಜಾಗ. ಅಲ್ಲಿ ದೋಣಿ ನಡೆಸಿಕೊಂಡಿದ್ದವರು, ಊರು ಬಿಟ್ಟು ಬಂದ ಮೇಲೆ ಇಲ್ಲಿ ಸರ್ಕಾರ ಕೊಟ್ಟ ಭೂಮಿಯಲ್ಲಿ ಭತ್ತ ಬೆಳೆದರು. ನಾನು ಅವರನ್ನು ಕಾಕಾ ಎಂದೆ, ಅವರ ಹೆಂಡತಿಯನ್ನು ಕಾಕಿ ಎಂದೆ. ಅವರ ಮಾತಿನಲ್ಲೂ ಚಿಕ್ಕಪ್ಪ-ಚಿಕ್ಕಮ್ಮನಿಗೆ ಅದೇ ಹೆಸರು ಎಂದು ತಿಳಿದ ದಿನ ಇಬ್ಬರೂ ಬಹಳ ಖುಷಿಪಟ್ಟರು. ಕಾಕಾ ದಿನಾ ಬೆಳಗಿನ ಆರಕ್ಕೆ ಸೈಕಲ್ ತುಳಿದುಕೊಂಡು ಗೇಟಿಗೆ ಬರುತ್ತಿದ್ದರು. ತಮ್ಮ ಗದ್ದೆಗೆ ಎಷ್ಟು ನೀರು ಬರುತ್ತದೆಂದು ಕೇಳುವುದು ನೆಪ. ನಿಜವಾಗಿ ಬರುತ್ತಿದ್ದದ್ದು ಒಂದು ಬೀಡಿ ಸೇದಿ, ಹಕ್ಕಿಯ ಮಾತಾಡಲು. ನನ್ನ ಪುಸ್ತಕದ ಹಾಳೆ ತಿರುವುತ್ತ, "ಇದು ನಮ್ಮ ಕಡೆ ಅದಾವು, ಇದೂ ಅದಾವು" ಎಂದು ಬೆರಳಿಡುತ್ತಿದ್ದರು.

ಅವರ ಮನೆಯಲ್ಲಿ 'ರೈಲಿನ ಮಾತು' ಎಂಬ ಒಂದು ಬಳಕೆ ಇತ್ತು. ಇಲ್ಲಿಗೆ ಬರುವಾಗ ಎಷ್ಟೋ ದಿನ ರೈಲಿನಲ್ಲಿ ಕೂತಿದ್ದರಂತೆ. ಕಿಟಕಿಯಾಚೆ ಬರೀ ಕಲ್ಲು, ಕೆಂಪು ಮಣ್ಣು, ಜಾಲಿ. ಕಾಕಿ ಅಳತೊಡಗಿದರು. ಎಲ್ಲಿಗೆ ಕರೆದೊಯ್ಯುತ್ತಿದ್ದೀ, ಅಲ್ಲಿ ಏನಿದೆ ಎಂದು ಕೇಳಿದರು. ಕಾಕಾನಿಗೂ ಏನೂ ಗೊತ್ತಿರಲಿಲ್ಲ. ಆದರೂ ಅಳು ನಿಲ್ಲಿಸಲೆಂದು, "ಅಲ್ಲಿ ನದಿ ಇದೆ. ನಮ್ಮ ಊರಿನ ಹಕ್ಕಿಗಳೆಲ್ಲ ಇವೆ. ಗಾಂಗ್‌ಚೊಷಾ ಕೂಡ ಇದೆ" ಎಂದುಬಿಟ್ಟರು. ಗಾಂಗ್‌ಚೊಷಾ ಎಂದರೆ ಕಾಕಿಯ ತವರಿನ ದಂಡೆಯ ಹಕ್ಕಿ. ಕೆಳಗಿನ ಕೊಕ್ಕನ್ನು ನೀರಿನಲ್ಲಿ ಅದ್ದಿಕೊಂಡು, ಉದ್ದಕ್ಕೂ ಗೆರೆ ಎಳೆಯುತ್ತ ಹಾರುತ್ತದೆ. ನದಿಯನ್ನು ಉಳುವ ಹಕ್ಕಿ ಎಂದೇ ಹೆಸರಿನ ಅರ್ಥ. ಬಂದು ನೋಡಿದರೆ ಇಲ್ಲಿ ನದಿಯೂ ಇಲ್ಲ, ಹಕ್ಕಿಯೂ ಇಲ್ಲ, ಸಾಲಾಗಿ ತಗಡಿನ ಮನೆಗಳು. ಅಂದಿನಿಂದ ಆ ಮನೆಯಲ್ಲಿ ನಂಬಲಾಗದ ಭರವಸೆಗೆಲ್ಲ ರೈಲಿನ ಮಾತು ಎಂದೇ ಹೆಸರು. ನಾಳೆ ಮಳೆ ಬರ್ತದೆ ಎಂದರೆ ರೈಲಿನ ಮಾತು. ಮಧ್ಯಾಹ್ನ ಜಲ್ದಿ ಬರ್ತೀನಿ ಎಂದರೆ ರೈಲಿನ ಮಾತು. ಕಾಕಿ ನಗುತ್ತಲೇ ಅನ್ನುತ್ತಿದ್ದರು. ಕಾಕಾ ಮಾತ್ರ ಒಮ್ಮೆಯೂ ನಗಲಿಲ್ಲ.

ಹೀಗಿರುವಾಗ ಒಂದು ಮಾಗಿಯ ಬೆಳಿಗ್ಗೆ ಕಾಕಾ ಸೈಕಲ್ಲನ್ನು ನಿಲ್ಲಿಸದೆ ಅಲ್ಲೇ ಕೆಡವಿ ಓಡಿಬಂದರು.

"ಬಾಬು! ಗಾಂಗ್‌ಚೊಷಾ ಬಂದಾವ! ಹಳ್ಳದಾಗ, ಒಡ್ಡಿನ ಹಿಂದ. ನಾಕು!"

ಪುಸ್ತಕದಲ್ಲಿ ಆ ಹಕ್ಕಿಯ ಚಿತ್ರ ತೆಗೆದೆ. ಕಪ್ಪು ಬೆನ್ನು, ಬಿಳಿ ಹೊಟ್ಟೆ, ಕಿತ್ತಳೆ ಬಣ್ಣದ ದಪ್ಪ ಕೊಕ್ಕು, ಕೆಳಗಿನ ಕೊಕ್ಕು ಮೇಲಿನದಕ್ಕಿಂತ ಉದ್ದ. ಪಕ್ಕದಲ್ಲಿ ಬರೆದಿತ್ತು: ದೊಡ್ಡ ನದಿಗಳು, ನದೀಮುಖಗಳು, ಅಪರೂಪ. ನಮ್ಮ ಹಳ್ಳಕ್ಕೂ ದೊಡ್ಡ ನದಿಗೂ ಏನು ಸಂಬಂಧ? ಆದರೂ ಕಾಕಾನ ಮುಖ ನೋಡಿ ಷರಾದಲ್ಲಿ ಬರೆದುಬಿಟ್ಟೆ: 'ಗಾಂಗ್‌ಚೊಷಾ, ನಾಲ್ಕು.'

"ಬಾಬು, ನೀವು ಒಮ್ಮೆ ನೋಡಿ, ನಮ್ಮ ಮನಿಗಿ ಬಂದು ಹೇಳ್ರಿ," ಎಂದರು. "ನಾ ಹೇಳಿದ್ರ ಅಕಿ ನಂಬಲ್ಲ. ಸರ್ಕಾರಿ ಮನುಷ್ಯ ಹೇಳಿದ್ರ ನಂಬ್ತಾಳ. ಇಷ್ಟು ವರ್ಷ ಸುಳ್ಳುಗಾರ ಅನಿಸಿಕೊಂಡೀನಿ."

ಗೇಜು ಬರೆದು, ಮನೆಗೆ ಹೋಗಿ ರೊಟ್ಟಿ ತಿಂದು, ಒಂಬತ್ತಕ್ಕೆ ಹಳ್ಳಕ್ಕೆ ಹೋದೆವು. ಒಡ್ಡಿನ ಹಿಂದೆ ನೀರು ಅಗಲವಾಗಿ ನಿಂತು, ನಡುವೆ ಮರಳಿನ ದಿಬ್ಬ ಎದ್ದಿತ್ತು. ಬಿಸಿಲು ಏರಿ ನೀರು ಕಣ್ಣಿಗೆ ಹೊಡೆಯುತ್ತಿತ್ತು. ದಿಬ್ಬದ ಈಚೆ ಬದಿಯಲ್ಲಿ ಏಳೆಂಟು ರೀವಗಳು. ಹಳದಿ ಕೊಕ್ಕು, ಕಪ್ಪು ಟೋಪಿ. ನಮ್ಮ ಹಳ್ಳಕ್ಕೆ ಪ್ರತಿ ವರ್ಷ ಬರುವಂಥವೇ. ಆಚೆ ತುದಿಯಲ್ಲಿ ಇನ್ನೂ ಕೆಲವು ನಮಗೆ ಬೆನ್ನು ಹಾಕಿ, ಕೊಕ್ಕನ್ನು ರೆಕ್ಕೆಯಲ್ಲಿ ಹುದುಗಿಸಿ ಮಲಗಿದ್ದವು. ಬೂಸಲಿನ ದುರ್ಬೀನಿನಲ್ಲಿ ಬರೀ ಕಪ್ಪು ಚುಕ್ಕೆ. ಕಾಕಾ ಅವುಗಳ ಕಡೆಗೇ ಬೆರಳು ತೋರುತ್ತಿದ್ದರು. ನನಗೆ ಕ್ಯಾಂಪಿಗೂ ಹೋಗಿ ಹನ್ನೆರಡರ ಗೇಜಿಗೆ ಹಿಂತಿರುಗುವ ಅವಸರ.

"ಕಾಕಾ, ಇವು ರೀವ. ಅವೂ ರೀವನ ಇರಬೇಕು. ನಿಮ್ಮ ಹಕ್ಕಿ ಸಮುದ್ರದ ಕಡೀದು, ಇಲ್ಲಿಗ್ಯಾಕ ಬರ್ತೈತಿ?"

ಅವರು ವಾದಿಸಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ನಾನು ಮಾತು ಕೊಟ್ಟಿದ್ದೇನೆಂದು ನೆಟ್ಟಗೆ ಕ್ಯಾಂಪಿಗೆ ಹೋದೆ. ಅಂಗಳದಲ್ಲಿ ಅಕ್ಕಪಕ್ಕದ ನಾಲ್ಕು ಜನ ಕೂತಿದ್ದರು. ಕಾಕಿ ಚಹಾ ತಂದಿಟ್ಟು, "ಏನಪಾ ಗೇಜಪ್ಪ, ಇವ್ನ ಹಕ್ಕಿ ಕಂಡ್ತೇನು?" ಎಂದರು. ಕಾಕಿಯ ಕನ್ನಡ ಭತ್ತ ನಾಟಿ ಮಾಡುವ ನಮ್ಮ ಹೆಣ್ಣುಮಕ್ಕಳಿಂದ ಕಲಿತದ್ದು, ಬೈಗುಳ ಸಮೇತ. ನನಗಿಂತ ಖಡಕ್ಕಾಗಿ ಮಾತಾಡುತ್ತಿದ್ದರು.

"ಇಲ್ಲ ಕಾಕಿ. ಅದು ರೀವ. ಪ್ರತಿ ವರ್ಷ ಬರೋದ," ಎಂದೆ. ಎಲ್ಲರೂ ಕೇಳುವ ಹಾಗೆ, ಮಾಸ್ತರನ ದನಿಯಲ್ಲಿ.

ಕಾಕಿ ಕಾಕಾನ ಕಡೆ ನೋಡಿ ನಕ್ಕರು. "ನೋಡಿದೇನು? ಮತ್ತ ರೈಲಿನ ಮಾತು!"

ಅಂಗಳವೆಲ್ಲ ನಕ್ಕಿತು. ಕಾಕಾ ಚಹಾದ ಲೋಟ ಕೆಳಗಿಟ್ಟು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: "ಬಾಬು, ನಾ ನೋಡಿದ್ದು ಎಷ್ಟೊತ್ತಿಗಿ, ನೀವು ನೋಡಿದ್ದು ಎಷ್ಟೊತ್ತಿಗಿ?" ನಾನು ಹನ್ನೆರಡರ ಗೇಜಿಗೆ ಹೊತ್ತಾಯಿತೆಂದು ಎದ್ದೆ. ಗೇಟಿಗೆ ಹಿಂತಿರುಗಿ ಕೆಂಪು ಶಾಯಿಯಲ್ಲಿ ಗಾಂಗ್‌ಚೊಷಾದ ಮೇಲೆ ಗೆರೆ ಎಳೆದು ಚಿಕ್ಕ ಸಹಿ ಹಾಕಿದೆ. ತಪ್ಪು ತಿದ್ದಿದೆ ಎಂಬ ಸಮಾಧಾನ ಬೇರೆ!

ಮರುದಿನದಿಂದ ಕಾಕಾ ಗೇಟಿಗೆ ಬರಲಿಲ್ಲ. ಮೊದಲೆರಡು ದಿನ ಕೆಲಸವಿರಬೇಕು ಎಂದುಕೊಂಡೆ. ವಾರ ಕಳೆಯಿತು. ದೂರದ ಬದುವಿನ ಮೇಲೆ ಅವರ ಸೈಕಲ್ ಹೋಗುವುದು ಕಾಣುತ್ತಿತ್ತು. ಕೈಯೆತ್ತಿದರೆ ಅವರೂ ಕೈಯೆತ್ತುತ್ತಿದ್ದರು, ಆದರೆ ಈ ಕಡೆ ತಿರುಗುತ್ತಿರಲಿಲ್ಲ. ಆರು ಗಂಟೆಯ ಗೇಜು ಬಣಬಣ ಅನ್ನಿಸತೊಡಗಿತು. ಮನೆಯಲ್ಲಿ ಹೇಳಿದರೆ ಹೆಂಡತಿ ನನ್ನ ಮೇಲೇ ಹರಿಹಾಯ್ದಳು.

"ನಾಕು ಮಂದ್ಯಾಗ ಹಿರೇರಿಗಿ ಹಂಗ ಅಂತಾರೇನ್ರಿ? ರೀವ ಇದ್ರ ಇರ್ಲಿ, ನಿಮ್ಮ ಗಂಟೇನು ಹೋಗ್ತಿತ್ತು?"

"ಇಲ್ಲದ್ದನ್ನ ಇತ್ತು ಅಂತ ಹೆಂಗ ಹೇಳ್ಲೇ?"

"ಇಲ್ಲ ಅಂತ ನಿಮಗ ಖರೇ ಗೊತ್ತೈತೇನು?"

ಖರೇ ಹೇಳಬೇಕೆಂದರೆ, ಆ ಮಲಗಿದ್ದ ಹಕ್ಕಿಗಳ ಕೊಕ್ಕನ್ನು ನಾನು ನೋಡಿಯೇ ಇರಲಿಲ್ಲ.

ಅದಾಗಿ ಐದಾರು ದಿನಕ್ಕೆ, ಸಂಜೆ ಆರರ ಗೇಜು ನೋಡಲು ಬಗ್ಗಿದ್ದೆ. ಹೊತ್ತು ಮುಳುಗಿ ಮಬ್ಬು ಕವಿಯುತ್ತಿತ್ತು. ಗೇಟಿನ ಮೇಲ್ಬದಿಯಲ್ಲಿ ನೀರು ಅಲುಗದೆ ನಿಂತಿತ್ತು. ಕಪ್ಪಗಿನದೊಂದು ಸದ್ದಿಲ್ಲದೆ ನನ್ನ ಪಕ್ಕದಲ್ಲೇ ಹಾದುಹೋಯಿತು. ತಲೆಯೆತ್ತುವುದರೊಳಗೆ ಅದು ಕಾಲುವೆಯ ತಿರುವು ದಾಟಿತ್ತು. ನೀರಿನ ಮೇಲೆ ಮಾತ್ರ, ನನ್ನ ಹಲಗೆಯ ಮುಂದಿನಿಂದ ತಿರುವಿನವರೆಗೆ, ಕೂರಿಗೆ ಹೊಡೆದಂತೆ ನೆಟ್ಟನೆಯ ಒಂದು ಗೆರೆ. ನಾನು ನೋಡುತ್ತ ನಿಂತಿದ್ದಂತೆ ಅದು ನಿಧಾನವಾಗಿ ಅಗಲವಾಗಿ ದಂಡೆಗೆ ಬಡಿದು ಅಳಿಸಿಹೋಯಿತು.

ರೀವ ಮೇಲಿನಿಂದ ನೀರಿಗೆ ಧುಮುಕುತ್ತದೆ. ಗೆರೆ ಎಳೆಯುವುದಿಲ್ಲ.

ಆಗ ಕಾಕಾನ ಪ್ರಶ್ನೆ ನೆನಪಾಗಿ ಕಪಾಳಕ್ಕೆ ಹೊಡೆದಂತಾಯಿತು. ಪುಸ್ತಕ ತೆಗೆದು ನೋಡಿದರೆ ಅದರಲ್ಲೇ ಬರೆದಿದೆ, ಹೆಚ್ಚಾಗಿ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಮೇಯುತ್ತದೆ, ಹಗಲು ಮರಳ ಮೇಲೆ ಮಲಗಿರುತ್ತದೆ ಎಂದು. ಆ ಹಕ್ಕಿಯ ಡ್ಯೂಟಿ ಬೆಳಗಿನ ಆರು, ಸಂಜೆಯ ಆರು. ನನ್ನದೂ ಅದೇ. ಹನ್ನೊಂದು ವರ್ಷ ಆ ಎರಡು ಹೊತ್ತಿನಲ್ಲಿ ನಾನು ಒಂದು ಹಲಗೆಯನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಹಕ್ಕಿ ನೋಡುವುದೆಲ್ಲ ರೊಟ್ಟಿ ತಿಂದ ಮೇಲೆ. ನನ್ನ ಷರಾದಲ್ಲಿದ್ದದ್ದು ಒಂಬತ್ತು ಗಂಟೆಯ ಹಕ್ಕಿಗಳು ಮಾತ್ರ!

ಬೆಳಗಿನ ಆರಕ್ಕೆ ಹಳ್ಳದಲ್ಲಿರಬೇಕು. ಆರಕ್ಕೆ ಗೇಟಿನಲ್ಲೂ ಇರಬೇಕು. ನೋಡದೆ ಅಂಕಿ ಬರೆಯುವ ಜನರನ್ನು ಬೈದುಕೊಂಡು ಬಂದವನು ನಾನು. ಊಟಕ್ಕೆ ಕೂತಾಗ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಆ ಹಲಗಿ ಮ್ಯಾಲಿನ ಅಂಕಿ ಓದಾಕ ಏನು ದೊಡ್ಡ ವಿದ್ಯೆ ಬೇಕು? ನಾ ನೋಡ್ತೀನಿ, ನೀವು ಹೋಗ್ರಿ. ಮದ್ಲ ಆ ಹಿರೇಮನಷ್ಯಾನ ಮಾತು ಉಳಸ್ರಿ."

"ರಿಜಿಸ್ಟರ್ನಾಗ ಏನಂತ ಬರೀಲಿ?"

"ಹೇಣ್ತಿ ನೋಡ್ಯಾಳ ಅಂತ ಬರೀರಿ. ಸುಳ್ಳೇನೈತಿ?"

ಮರುದಿನ ನಸುಕಿನಲ್ಲಿ ಹೆಂಡತಿಯನ್ನು ಗೇಟಿಗೆ ಕಳಿಸಿ ಒಬ್ಬನೇ ಹಳ್ಳಕ್ಕೆ ಹೋದೆ. ಎರಡನೆಯ ಸಲ ತಪ್ಪು ಹೇಳಿ ಅವರನ್ನು ನಗೆಪಾಟಲು ಮಾಡಲು ಮನಸ್ಸಿರಲಿಲ್ಲ. ಮಂಜು ನೀರಿನ ಮೇಲೆ ಮೊಣಕಾಲೆತ್ತರಕ್ಕೆ ನಿಂತಿತ್ತು. ಆರೂಕಾಲಿಗೆ ಮಂಜಿನ ಒಳಗಿಂದಲೇ ಎರಡು ಹಕ್ಕಿಗಳು ಒಂದರ ಹಿಂದೊಂದು ಬಂದವು. ಬಾಯಿ ತೆರೆದಿತ್ತು, ಕೆಳಗಿನ ಕೊಕ್ಕು ನೀರೊಳಗೆ. ಒಡ್ಡಿನವರೆಗೆ ಗೆರೆ ಎಳೆದು, ತಿರುಗಿ, ಅದೇ ಗೆರೆಯ ಪಕ್ಕ ಇನ್ನೊಂದು ಗೆರೆ. ದುರ್ಬೀನು ಎತ್ತುವುದನ್ನೇ ಮರೆತೆ. ಆ ಕಿತ್ತಳೆ ಕೊಕ್ಕು ಬರಿಗಣ್ಣಿಗೇ ಕಾಣುತ್ತಿತ್ತು. ಅಯ್ಯೋ ಶಿವನೇ, ಇದನ್ನು ರೀವ ಎಂದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಬೈದುಕೊಳ್ಳುತ್ತಲೇ ನಗುತ್ತಿದ್ದೆ, ಅಷ್ಟು ಸಂತೋಷವಾಗಿತ್ತು.

ಅಲ್ಲಿಂದ ನೆಟ್ಟಗೆ ಕ್ಯಾಂಪಿಗೆ. ಕಾಕಾ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಕಾಕಿ ಸೊಪ್ಪು ಸೋಸುತ್ತಿದ್ದರು.

"ಕಾಕಾ, ತಪ್ಪು ನಂದು. ನೀವು ಹೇಳಿದ್ದು ಬರೋಬ್ಬರಿ. ಗಾಂಗ್‌ಚೊಷಾನ ಅವು. ಈಗ ಕಣ್ಣಾರೆ ನೋಡಿ ಬಂದೀನಿ."

ಕಾಕಾ ಹಗ್ಗ ಬಿಟ್ಟು ಎದ್ದುನಿಂತರು. ಹೆಂಡತಿಯ ಕಡೆ ನೋಡಿದರು. ಕಾಕಿ ಸೊಪ್ಪಿನ ಬುಟ್ಟಿಯಿಂದ ತಲೆಯೆತ್ತದೆ, "ಮದ್ಲ ಒಬ್ಬನ ಇದ್ದ. ಈಗ ಇಬ್ರಾದ್ರಿ," ಎಂದರು. "ಇವ್ನ ಮಾರಿ ಸಣ್ಣದಾಗೈತೆಂತ ನಿನಗ ಕರುಳು ಚುರ್ ಅಂದೈತಿ, ಅದಕ್ಕ ಬಂದು ಹಿಂಗ ಹೇಳಾಕತ್ತೀ. ಹೋಗಪಾ ಹೋಗು."

"ಹಂಗಾರ ನಾಳೆ ನೀವ ಬಂದು ನೋಡ್ರಿ."

"ಬರ್ತೀನಿ. ಇಲ್ಲಾಂದ್ರ ನಿಮ್ಮಿಬ್ರನ್ನೂ ಅದ ಹಳ್ಳದಾಗ ನೂಕಿ ಬರ್ತೀನಿ."

ಹೇಳಿದ ಮೇಲೆ ನನಗೆ ಹೆದರಿಕೆ ಹತ್ತಿತು. ಹಕ್ಕಿಯೇನು ನಮ್ಮ ಕಟ್ಟಿನಲ್ಲಿರುವ ಎತ್ತೇ? ಬಂದ ಹಾಗೆ ಎದ್ದು ಹೋಗಿಬಿಟ್ಟರೆ? ಈ ಸಲ ಸಿಗದಿದ್ದರೆ ಕಾಕಾ ಜೀವಮಾನವಿಡೀ ರೈಲಿನ ಮಾತಿನವರಾಗಿಯೇ ಉಳಿಯುತ್ತಿದ್ದರು.

ಮರುದಿನವೂ ಹೆಂಡತಿ ಶಾಲು ಹೊದ್ದು ಗೇಟಿಗೆ ಹೋದಳು. ನಾನು ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡು ಹಳ್ಳಕ್ಕೆ ಹೋದೆ. ಕಾಕಾ ಕಾಕಿಯನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದರು. ಆ ಕಚ್ಚಾ ದಾರಿಯುದ್ದಕ್ಕೂ ಕಾಕಿ ಬೈಯುವುದು ಹಳ್ಳದವರೆಗೆ ಕೇಳುತ್ತಿತ್ತು. ಒಡ್ಡಿನ ಮೇಲೆ ಮೂವರೂ ಕೂತೆವು. ಆರಾಯಿತು. ಮಂಜು. ಆರೂಕಾಲಾಯಿತು. ಏನಿಲ್ಲ. ರೀವಗಳು ಎದ್ದು ಕಿರುಚುತ್ತ ನೀರಿಗೆ ಧುಮುಕತೊಡಗಿದವು.

"ಇವೇನು?" ಎಂದು ಕಾಕಿ ಕೇಳಿದರು.

"ಇವಲ್ಲ," ಎಂದೆವು ಇಬ್ಬರೂ ಒಟ್ಟಿಗೆ.

ಕಾಕಾ ಬೀಡಿ ತೆಗೆದರು, ಹಚ್ಚಲಿಲ್ಲ. ಬೆರಳ ನಡುವೆ ತಿರುಗಿಸುತ್ತ ಕೂತರು. ಕಾಕಿ ಎಲೆ-ಅಡಿಕೆ ಬಾಯಿಗಿಟ್ಟುಕೊಂಡು, ಸೆರಗು ಕಿವಿಗೆ ಸುತ್ತಿಕೊಂಡು, "ಚಳಿಯೊಳಗ ಕರ್ಕೊಂಡು ಬಂದ್ರಲ್ಲೋ, ಹುಚ್ಚಪ್ಪಗಳಿರಾ" ಎಂದು ಏಳಲು ಹೊರಟರು. ಅಷ್ಟರಲ್ಲಿ ಮೇಲಿನ ತಿರುವಿನಿಂದ ಒಂದು ಕೂಗು ಬಂತು. ಮೂಗಿನಿಂದ ಬರುವಂಥ, ಗಿಡ್ಡನೆಯ ಕೂಗು. ಅದನ್ನು ನಾನು ಮೊದಲು ಕೇಳಿರಲಿಲ್ಲ. ಕಾಕಿ ಅರ್ಧ ಎದ್ದವರು ಹಾಗೆಯೇ ನಿಂತುಬಿಟ್ಟರು. ಹಕ್ಕಿ ಇನ್ನೂ ಕಂಡಿರಲಿಲ್ಲ. ಆದರೆ ಅವರ ಮುಖ ನೋಡಿದಾಗಲೇ ಅವರಿಗೆ ಗುರುತು ಸಿಕ್ಕಿದೆ ಎಂದು ನನಗೆ ಗೊತ್ತಾಯಿತು.

ಒಂದು, ಎರಡು, ಮೂರು ಬಂದವು. ನಮ್ಮ ಕಾಲಿನ ಕೆಳಗೇ, ಒಡ್ಡಿನ ಗುಂಟ, ನೀರನ್ನು ಸೀಳುತ್ತ ಹೋದವು. ಸ್ವಲ್ಪ ಹಿಂದೆ ನಾಲ್ಕನೆಯದು. ನಾನು ದುರ್ಬೀನು ಕೊಡಲು ಹೋದರೆ ಕಾಕಿ ಕೈಯಿಂದ ಸರಿಸಿದರು. ಹಕ್ಕಿಗಳು ಒಡ್ಡಿನ ತುದಿ ಮುಟ್ಟಿ ತಿರುಗುವವರೆಗೆ ಕಣ್ಣು ಕೀಳಲಿಲ್ಲ. ಆಮೇಲೆ, "ಹಿಂದಿಂದು ಮರಿ," ಎಂದರು. "ಬೆನ್ನು ಕಂದು ಐತಿ, ಕೊಕ್ಕಿಗಿ ಇನ್ನ ಬಣ್ಣ ಬಂದಿಲ್ಲ. ನಿಮಗಿಬ್ರಿಗೂ ಅದು ಕಾಣ್ಲಿಲ್ಲೇನು?"

ನಮಗೆ ಕಂಡಿರಲಿಲ್ಲ. ಒಬ್ಬ ದೋಣಿಯವರು, ಒಬ್ಬ ದುರ್ಬೀನಿನವನು, ಇಬ್ಬರೂ ನಾಲ್ಕು ಎಂದು ಎಣಿಸಿದ್ದೆವೇ ಹೊರತು ಮರಿಯನ್ನು ನೋಡಿರಲಿಲ್ಲ. ಪುಸ್ತಕ ತೆರೆದೆ. ಮರಿಯ ಬೆನ್ನು ಕಂದು, ಕೊಕ್ಕಿನ ಬಣ್ಣ ಮಂಕು ಎಂದು ಅಲ್ಲೇ ಬರೆದಿತ್ತು. ಕಾಕಾ ಆ ಕಡೆ ಮುಖ ತಿರುಗಿಸಿಕೊಂಡು ಬೀಡಿ ಹಚ್ಚಲು ಹೆಣಗುತ್ತಿದ್ದರು. ಕಡ್ಡಿ ಹತ್ತುತ್ತಲೇ ಇರಲಿಲ್ಲ.

ನಾನು ರಿಜಿಸ್ಟರ್ ತೆರೆದು ಅಂದಿನ ಸಾಲಿನ ಷರಾದ ಮೇಲೆ ಪೆನ್ನು ಇಟ್ಟೆ. ಕೆಂಪು ಗೆರೆ ಹೊಡೆದದ್ದನ್ನು ಮತ್ತೆ ಎಬ್ಬಿಸುವ ಹಾಗಿಲ್ಲ. ಹೊಸದಾಗಿ ಬರೆಯಬೇಕು, ನೋಡಿದವರ ಸಹಿಯೂ ಇದ್ದರೆ ಒಳ್ಳೆಯದು ಎಂದೆ. ಕಾಕಾನಿಗೆ ಓದು-ಬರಹ ಬರುತ್ತಿರಲಿಲ್ಲ. ಅವರು ಹೆಬ್ಬೆರಳು ಮುಂದೆ ಮಾಡಿದರು. ಕಾಕಿ ಆ ಕೈಯನ್ನು ಪಕ್ಕಕ್ಕೆ ಸರಿಸಿ ಪೆನ್ನು ಇಸಿದುಕೊಂಡರು. ತವರಿನಲ್ಲಿ ಎರಡು-ಮೂರು ವರ್ಷ ಶಾಲೆಗೆ ಹೋಗಿದ್ದರಂತೆ. ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು, ತುಟಿ ಅಲುಗಿಸುತ್ತ, ಬಂಗಾಲಿಯಲ್ಲಿ ಬರೆಯತೊಡಗಿದರು. ಸಹಿ ಇಷ್ಟುದ್ದ ಇರುತ್ತದೆಯೇ? ಷರಾ ತುಂಬಿ, ನನ್ನ ಸಹಿಯ ಕಾಲಮ್ಮಿಗೂ ದಾಟಿತು.

"ಏನು ಬರ್ದಿ?" ಎಂದು ಕಾಕಾ ಕೇಳಿದರು.

"ನೀರೆಷ್ಟೈತೆಂತ ಬರ್ದೆ. ನಡಿ, ಸೊಪ್ಪು ಒಲೆ ಮ್ಯಾಲಿಡಬೇಕು."

ಗೇಟಿಗೆ ಬಂದಾಗ ನನ್ನ ಹೆಂಡತಿ ದಂಡೆಯ ಮೇಲೆ ನೆಟ್ಟಗೆ ನಿಂತಿದ್ದಳು. ಆರು ಗಂಟೆಯ ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡಿದ್ದಳು. ಅದನ್ನು ಬರೆದು, ಹಿಂದಿನ ದಿನದ ಹಾಗೆಯೇ, ಪಕ್ಕದಲ್ಲಿ 'ನೋಡಿದವರು ಹೆಂಡತಿ' ಎಂದು ಸೇರಿಸಿದೆ. ಆ ತಿಂಗಳು ಸಾಹೇಬರು ರಿಜಿಸ್ಟರ್ ನೋಡಿ ನನ್ನನ್ನು ನಿಲ್ಲಿಸಿ ಹದಿನೈದು ನಿಮಿಷ ಉಗಿದರು. ತಲೆ ತಗ್ಗಿಸಿ ನಿಂತಿದ್ದೆ. ಹೊರಗೆ ಬಂದ ಮೇಲೆ ಯಾಕೋ ಬಹಳ ಹಗುರಾಗಿದ್ದೆ.

ಕಾಕಾ ಮತ್ತೆ ಗೇಟಿಗೆ ಬರತೊಡಗಿದರು. ಒಂದು ಮಾತು ಹೇಳಿದರು: "ಅಕಿ ಈಗ ರೈಲಿನ ಮಾತು ಅನ್ನೋದು ಬಿಟ್ಟಾಳ ಬಾಬು. ಆದ್ರ ರಿಜಿಸ್ಟರ್ನಾಗ ಏನು ಬರ್ದೆ ಅಂದ್ರ ಹೇಳಲ್ಲ." ವರ್ಷದ ಕೊನೆಗೆ ರಿಜಿಸ್ಟರುಗಳು ಆಫೀಸಿನ ಗೋದಾಮಿಗೆ ಹೋಗುತ್ತವೆ. ಅದು ಹೋಗುವ ಮೊದಲು ಕಾಕಿಯ ಆ ಬರಹವನ್ನು, ಓದಲು ಬಾರದಿದ್ದರೂ, ಚಿತ್ರ ಬಿಡಿಸುವವನಂತೆ ಒಂದೊಂದೇ ಗೆರೆ ನೋಡಿ, ಹಕ್ಕಿ ಪುಸ್ತಕದ ಹಿಂಬದಿಯ ಖಾಲಿ ಹಾಳೆಯಲ್ಲಿ ಇಳಿಸಿಕೊಂಡೆ. ಕ್ಯಾಂಪಿನ ಯಾರಿಗಾದರೂ ತೋರಿಸಿದ್ದರೆ ಅಂದೇ ಓದುತ್ತಿದ್ದರು. ಕಾಕಿ ಹೇಳದೆ ಇರುವುದನ್ನು ನಾನು ಊರ ತುಂಬ ಓದಿಸುವುದು ಸರಿಯಲ್ಲ ಎನ್ನಿಸಿ ಸುಮ್ಮನಿದ್ದೆ. ಹಿಂದೆ ಒಮ್ಮೆ ಅವರ ಅಂಗಳದಲ್ಲಿ ಬಾಯಿ ಬಿಟ್ಟದ್ದೇ ಸಾಕಾಗಿತ್ತು.

ಮುಂದಿನ ಮಾಗಿಗೆ ಆ ಹಕ್ಕಿಗಳು ಬರಲಿಲ್ಲ. ಅದರ ಮುಂದಿನದಕ್ಕೆ ಎರಡು ಬಂದವು. ತೊಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ದಿನ ಲಿಂಗಸುಗೂರಿನಿಂದ ಬರುವಾಗ ಮಸ್ಕಿಯಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಶಿಕ್ಷಕಿ ಬಂದು ಕೂತಳು. ಕ್ಯಾಂಪಿನ ಹುಡುಗಿಯಂತೆ, ಮಸ್ಕಿಯ ಹತ್ತಿರದ ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ನನ್ನ ತೊಡೆಯ ಮೇಲಿದ್ದ ಪುಸ್ತಕದ ಹಿಂದಿನ ಹಾಳೆ ಗಾಳಿಗೆ ತೆರೆದುಕೊಂಡಿತು. ಅವಳು ಬಗ್ಗಿ ನೋಡಿ, ನಾನು ಬೇಡ ಅನ್ನುವುದರೊಳಗೆ ಓದಿಯೇಬಿಟ್ಟಳು. "ಇದನ್ನ ಯಾರು ಬರ್ದಾರ್ರಿ ಸರ?" ಎಂದಳು. ಆಮೇಲೆ ಕನ್ನಡದಲ್ಲಿ ಹೇಳಿದಳು. ನಾನು ಅದನ್ನು ಆ ಬರಹದ ಕೆಳಗೇ ಬರೆದುಕೊಂಡೆ.

ನಾನು ಮನೆಗೆ ಹೋಗಲಿಲ್ಲ. ಸಿಂಧನೂರಿನಲ್ಲಿ ಇಳಿದು ನೆಟ್ಟಗೆ ಕ್ಯಾಂಪಿನ ದಾರಿ ಹಿಡಿದೆ. ಕಾಕಾ ಅಂಗಳದ ಹೊರಸಿನ ಮೇಲೆ ಕೂತಿದ್ದರು. ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. ಒಳಗೆ ಕಾಕಿ ಪಾತ್ರೆ ತಿಕ್ಕುವ ಸದ್ದು ಕೇಳುತ್ತಿತ್ತು. ನಾನು ಕಾಕಾನ ಪಕ್ಕ ಕೂತು, ಪುಸ್ತಕದ ಕೊನೆಯ ಹಾಳೆ ತೆರೆದು, ಶಿಕ್ಷಕಿ ಹೇಳಿದ್ದನ್ನು ಹಾಗೆಯೇ ಓದಿದೆ:

"ಬೆಳಿಗ್ಗೆ ಆರೂವರೆ. ಗಾಂಗ್‌ಚೊಷಾ ಮೂರು, ಅದರ ಮರಿ ಒಂದು. ನನ್ನ ಗಂಡ ರೈಲಿನಲ್ಲಿ ಹೇಳಿದ ಮಾತು ಸುಳ್ಳಲ್ಲ. ನಾನು ನೋಡಿದ್ದೇನೆ."

ಕಾಕಾ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ತಮಗೆ ಓದಲು ಬಾರದ ಆ ಅಕ್ಷರಗಳ ಮೇಲೆ ಬೆರಳಿಟ್ಟರು.

"ಇನ್ನೊಮ್ಮೆ ಓದ್ರಿ, ಬಾಬು."

ಒಳಗೆ ಪಾತ್ರೆಯ ಸದ್ದು ನಿಂತಿತು. ನಾನು ಮತ್ತೊಮ್ಮೆ, ಈ ಸಲ ಒಳಗೂ ಕೇಳುವ ಹಾಗೆ, ಓದಿದೆ.